ಎಪ್ಪತ್ತಮೂರು ಅನ್ನಬಾರದು

ಯಲಹಂಕದ ರವಿಕಿರಣ ಆ ಭಾನುವಾರ ‘ಸೆವೆಂಟಿ ಥ್ರೀ’ ಎಂದು ಇಂಗ್ಲಿಷಿನಲ್ಲಿ ಅಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಏನು ಮಾಡುವುದು, ಅವನ ಕನ್ನಡಾಭಿಮಾನ ಅದೇ ದಿನ ಉಕ್ಕಿತು.

ಹ್ಯಾಮ್ ರೇಡಿಯೊ ಎಂಬುದು ಗುರುತಿಲ್ಲದವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ. ಎದುರು ಮನೆಯವರಿಗೆ ಹನ್ನೊಂದು ತಿಂಗಳಿಂದ ಒಂದು ನಮಸ್ಕಾರ ಹೇಳದ ರವಿಕಿರಣ ಇದಕ್ಕಾಗಿ ರಾತ್ರಿ ಹಗಲು ಓದಿ, ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸು ಪಡೆದಿದ್ದ. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟು ಮನೆಗೆ ಬಂದು ನಾಲ್ಕು ದಿನವಾಗಿತ್ತು. ಈ ನಾಲ್ಕು ದಿನದಲ್ಲಿ ಅವನ ಕೂಗಿಗೆ ಒಬ್ಬರೂ ಓಗೊಟ್ಟಿರಲಿಲ್ಲ, ಹೆಂಡತಿ ಪದ್ಮಶ್ರೀಯೂ ಸೇರಿದಂತೆ.

“ಆಟ ಆಮ್ಯಾಲ ಆಡ್ರಿ,” ಎಂದಳು ಅವಳು. “ಇವತ್ತ ಸಂಜಿಗೆ ಮಾಲಕರು ಬಾಡಿಗಿ ಅಗ್ರಿಮೆಂಟಿಗೆ ಮತ್ತ ಸೈ ಹಾಕಾಕ ಬರ್ತಾರ. ಮೂರ್ ವರ್ಷದಾಗ ನಾಕ್ ಮನಿ ಆದುವು. ಇನ್ನೊಮ್ಮೆ ನಾ ಗಂಟು ಕಟ್ಟಂಗಿಲ್ಲ ನೋಡ್ರಿ.”

ಗಂಡನಂತೆ ಪದ್ಮಶ್ರೀಯೂ ಗದಗಿನ ಕಡೆಯವಳು. ಹೇಳಿದ್ದನ್ನು ಮಾಡುವವಳು.

ಎತ್ತರಕ್ಕೆ ಹೋದರೆ ಸಿಗ್ನಲ್ಲು ದೂರ ಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ರವಿಕಿರಣ ತಾರಸಿ ಹತ್ತಿ, ಹೆಸರಘಟ್ಟದ ಕಡೆ ಮುಖ ಮಾಡಿ, ಸೆಟ್ಟಿನೊಳಗೆ ಗಂಟಲು ಹರಿಯುವಂತೆ ಕೂಗಿದ. ಉತ್ತರವಿಲ್ಲ. ಹ್ಯಾಮ್‌ಗಳು ಮಾತು ಮುಗಿಸುವಾಗ ಶುಭಾಶಯ ಎನ್ನುವುದಕ್ಕೆ ಎಪ್ಪತ್ತಮೂರು ಎನ್ನುತ್ತಾರೆ. ಶುರುವೇ ಆಗದ ಮಾತನ್ನು ರವಿಕಿರಣ ಶಿಸ್ತಾಗಿ ಮುಗಿಸಿದ: “ಎಲ್ಲರಿಗೂ ಎಪ್ಪತ್ಮೂರು! ಎಪ್ಪತ್ಮೂರು!”

ಮೂಲೆಯಲ್ಲಿ ಸಂಡಿಗೆ ಇಡುತ್ತಿದ್ದ ಗೌರಮ್ಮ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಓಡಿದಳು. ಆಕೆ ಮನೆ ಮಾಲೀಕ ಪಿಳ್ಳಪ್ಪನ ತಂಗಿ. ಅಣ್ಣತಂಗಿಯರಿಗೆ ಹೆಸರಘಟ್ಟದ ಕಡೆ ಒಂದೊಂದು ತುಂಡು ಜಮೀನಿದೆ. ಅಣ್ಣನದು ಸರ್ವೆ ನಂಬರ್ ಎಪ್ಪತ್ತಮೂರು, ತಂಗಿಯದು ಸ್ವಲ್ಪ ಆಚೆ. ರಿಂಗ್ ರೋಡಿಗೆಂದು ಸರ್ಕಾರ ಜಮೀನು ವಶಪಡಿಸಿಕೊಳ್ಳುವ ಊರಿನ ಈ ಭಾಗದಲ್ಲಿ ಜನ ಮಗ್ಗಿಗಿಂತ ಮೊದಲು ಸರ್ವೆ ನಂಬರ್ ಕಲಿಯುತ್ತಾರೆ.

ಎರಡೇ ನಿಮಿಷದಲ್ಲಿ ಪಿಳ್ಳಪ್ಪ ಮೇಲೆ ಬಂದ. ಎದುರು ಮನೆಯ ಸೈಟ್ ಬ್ರೋಕರ್ ಅನಂತರಾಜು ಕರೆಯದೆಯೇ ಜೊತೆಗೆ ಬಂದ.

“ಏನ್ ಸಾ, ಎಪ್ಪತ್ಮೂರು ಅಂತಿದ್ರಂತೆ?” ಎಂದ ಪಿಳ್ಳಪ್ಪ.

“ಹೌದ್ರಿ. ಮಾತು ಮುಗದ ಮ್ಯಾಲ ಎಪ್ಪತ್ಮೂರು ಕೊಟ್ಟ ಬಿಡೂದ್ರಿ.”

“ಕೊಟ್ ಬಿಡೋದಾ! ಯಾರಿಗೆ?”

“ಯಾರ ಸಿಕ್ಕರ ಅವರಿಗೆ. ಗುರುತು ಪರಿಚಯ ಏನೂ ಬೇಕಾಗಿಲ್ರಿ.”

“ನಮ್ಮಪ್ಪ ಉತ್ತಿದ್ ಜಮೀನ್ ಸಾ ಅದು!”

ಅನಂತರಾಜು ಸೆಟ್ಟನ್ನು ತಿರುಗಿಸಿ ನೋಡಿದ. “ಪಿಳ್ಳಪ್ಪಣ್ಣ, ರಿಂಗ್ ರೋಡ್ ಸರ್ವೆಗ್ ಬಂದೋರ್ ಕೈಲೂ ಇದೇ ಇತ್ತು ಕಣಣ್ಣ. ಇವ್ರು ಒಳಗಿನ್ ಜನ.” ಅನಂತರಾಜು ಆ ಸರ್ವೆಯವರನ್ನು ನೋಡಿದ್ದು ತನ್ನ ತಲೆಯೊಳಗೆ ಮಾತ್ರ. ಆದರೆ ಬಹಳ ವಿವರವಾಗಿ ನೋಡಿದ್ದ.

ರವಿಕಿರಣ ಅರ್ಧ ಗಂಟೆ ಬಿಡಿಸಿ ಹೇಳಿದ. ಕೊನೆಗೆ ಲೈಸೆನ್ಸು ತಂದು ತೋರಿಸಿದ. ಅದರ ಮೇಲೆ ಸರ್ಕಾರದ ಮುದ್ರೆ ಕಂಡದ್ದೇ ಪಿಳ್ಳಪ್ಪನ ಅನುಮಾನ ಗಟ್ಟಿಯಾಯಿತು.

“ಇಂಗ್ ಮಾಡಾನ,” ಎಂದ ಅವನು. “ಸಂಜೆ ಐದಕ್ಕೆ ಅಗ್ರಿಮೆಂಟ್ ತತ್ತೀನಿ. ನಮ್ಮೆದುರ್ಗೆ ಇದ್ರಲ್ಲಿ ಯಾರತ್ರನಾದ್ರೂ ಮಾತಾಡಿ ತೋರ್ಸಿ, ಸೈನ್ ಆಕ್ತೀನಿ. ಆ ನಂಬರ್ ಮಾತ್ರ ನಿಮ್ ಬಾಯಲ್ ಬಂತೋ, ಮನೆ ಕಾಲಿ.”

ಕೆಳಗೆ ಮನೆಯಲ್ಲಿ ಸುದ್ದಿ ಕೇಳಿದ ಪದ್ಮಶ್ರೀ ಅಟ್ಟದ ಮೇಲಿದ್ದ ಖಾಲಿ ರಟ್ಟಿನ ಡಬ್ಬಗಳನ್ನು ಒಮ್ಮೆ ನೋಡಿ, ಗಂಡನನ್ನು ಒಮ್ಮೆ ನೋಡಿದಳು. ರವಿಕಿರಣ ಊಟ ಬಿಟ್ಟು ಪುಸ್ತಕ ಹಿಡಿದ. ಗುಡ್ಡದ ಮೇಲಿನ ರಿಪೀಟರ್ ತನ್ನ ದನಿಯನ್ನು ದೂರಕ್ಕೆ ದಾಟಿಸಬೇಕಾದರೆ ಸೆಟ್ಟಿನಲ್ಲಿ ಟೋನ್ ಎಂಬ ಒಂದು ಗುರುತಿನ ಸ್ವರ ತುಂಬಬೇಕು ಎಂಬುದು ಹನ್ನೆರಡನೇ ಪುಟದಲ್ಲಿತ್ತು. ಅವನು ಹನ್ನೊಂದಕ್ಕೇ ಬುದ್ಧಿವಂತನಾಗಿ ನಿಲ್ಲಿಸಿದ್ದ.

ಐದಕ್ಕೆ ಎಲ್ಲರೂ ತಾರಸಿಯಲ್ಲಿ ಸೇರಿದರು. ರವಿಕಿರಣ ಟೋನ್ ತುಂಬಿ, ಗುಂಡಿ ಒತ್ತಿ ಕರೆದ. ಸೆಟ್ಟು ಗರಗರ ಎಂದಿತು.

“ನಮಸ್ಕಾರ, ಆರ್.ಟಿ. ನಗರದಿಂದ ಗೌಹರ್. ಹೊಸಬ್ರಾ? ನಿಮ್ ದನಿ ಗಂಟೆ ಹೊಡ್ದಂಗ್ ಕೇಳಿಸ್ತಿದೆ.”

ಬೆಲ್ಲದಂಥ ಹೆಣ್ಣುದನಿ. ಪದ್ಮಶ್ರೀ ಎರಡು ಹೆಜ್ಜೆ ಹತ್ತಿರ ಬಂದಳು. ಮಾತು ಬಿಸಿಲಿನಿಂದ ಹೊರಟು ಹೆಬ್ಬಾಳದ ಟ್ರಾಫಿಕ್ಕಿಗೆ ಬಂದು, ಎಲ್ಲರೂ ನಿಲ್ಲುವ ಹಾಗೆ ಅಲ್ಲೇ ನಿಂತಿತು. ಪಿಳ್ಳಪ್ಪನಿಗೆ ನಗು ಬಂತು. “ಅಯ್ಯೋ, ಬರೇ ಅರಟೆ ಕಣ್ರೋ ಇದು!” ಎಂದು ಪೆನ್ನು ತೆಗೆದ. ರವಿಕಿರಣನಿಗೆ ಸಂತೋಷದಿಂದ ಕಣ್ಣಲ್ಲಿ ನೀರೇ ಬಂತು. ಜೀವನದ ಮೊದಲ ಸಂಪರ್ಕ, ಮೇಲೆ ಮನೆಯೂ ಉಳಿಯಿತು.

“ಸರಿ, ಹೊರಡ್ಲಾ?” ಎಂದಿತು ದನಿ.

ಶುಭಾಶಯ ಹೇಳದೆ ಮುಗಿಸುವುದು ಹ್ಯಾಮ್‌ಗೆ ಶೋಭೆಯಲ್ಲ. ಎಪ್ಪತ್ತಮೂರು ನಾಲಿಗೆ ತುದಿಯವರೆಗೆ ಬಂತು. ಪಿಳ್ಳಪ್ಪ ಕಣ್ಣು ಬಿಟ್ಟ. ಪುಸ್ತಕದಲ್ಲಿ ಅದರ ಕೆಳಗೇ ಇನ್ನೊಂದು ಸಂಖ್ಯೆ ಇದ್ದದ್ದು ರವಿಕಿರಣನಿಗೆ ಹೊಳೆಯಿತು.

“ನಿಮಗ ಎಂಬತ್ತೆಂಟ್ರಿ ಮೇಡಂ! ಎಂಬತ್ತೆಂಟು!”

ಗೌರಮ್ಮ ಎದೆ ಹಿಡಿದುಕೊಂಡು ಕೂತಳು. “ಅಣ್ಣೋ! ಎಂಬತ್ತೆಂಟು ನಂದು!”

ಪಿಳ್ಳಪ್ಪನ ಪೆನ್ನು ಜೇಬಿಗೆ ವಾಪಸ್ಸಾಯಿತು. “ಇದೂ ಸುಭಾಸಯಾನಾ ಸಾ?”

“ಎಂಬತ್ತೆಂಟು ಅಂದ್ರ ಏನ್ರಿ?” ಎಂದು ಪದ್ಮಶ್ರೀಯೂ ಕೇಳಿದಳು, ಬಹಳ ಮೆತ್ತಗೆ.

ಆಗ ರವಿಕಿರಣನಿಗೆ ಅದರ ಮುಂದಿದ್ದ ಅರ್ಥವೂ ನೆನಪಾಯಿತು. ಅವನು ಮಾಲೀಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಮನೆ ಹೋದರೆ ಇನ್ನೊಂದು ಹುಡುಕಬಹುದು.

“ಸರ್ವೆ ನಂಬರ್ ರೀ,” ಎಂದ. “ರಿಂಗ್ ರೋಡಿಗೆ ಹೋಗತೈತಿ.”

ಗೌರಮ್ಮ ಹೋ ಎಂದು ಅತ್ತಳು. ಅನಂತರಾಜು, “ನಾನ್ ಹೇಳ್ಲಿಲ್ವಾ?” ಎಂದ. ಪಿಳ್ಳಪ್ಪ ಅಗ್ರಿಮೆಂಟನ್ನು ಹರಿಯಲು ಎತ್ತಿದ. ಅಷ್ಟರಲ್ಲಿ ಸೆಟ್ಟು ಮತ್ತೆ ಗರಗರ ಎಂದಿತು.

“ರವಿಕಿರಣ್ ಅವ್ರೇ, ಎಂಬತ್ತೆಂಟು ಅಂದ್ರೆ ಪ್ರೀತಿಯ ಮುತ್ತು ಕಣಪ್ಪಾ. ಅದನ್ನ ಹೆಂಡ್ತಿಗ್ ಹೇಳ್ಬೇಕು, ನನಗಲ್ಲ. ಪುಸ್ತಕ ಇನ್ನೊಂದ್ಸಲ ಓದಿ.”

ನಾಲ್ಕು ದಿನದಲ್ಲಿ ಸಿಗ್ನಲ್ಲು ಅಷ್ಟು ಸ್ಪಷ್ಟವಾಗಿ ಎಂದೂ ಬಂದಿರಲಿಲ್ಲ.

“ಮುತ್ತಾ?” ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಅಂಗಾರೆ ಜಮೀನ್ ಓಗಲ್ವಾ?” ಪಿಳ್ಳಪ್ಪ ಉಸಿರು ಬಿಟ್ಟು ಪೆನ್ನು ಮತ್ತೆ ಹೊರಗೆ ತೆಗೆದ.

“ಸೈ ಹಾಕ್ರಿ ಮಾಲಕರ,” ಎಂದಳು ಪದ್ಮಶ್ರೀ. “ಆದ್ರ ಅಗ್ರಿಮೆಂಟು ನನ್ನ ಒಬ್ಬಾಕಿ ಹೆಸರಿಗೆ ಮಾಡ್ರಿ. ಇವರ ಗಂಟು ಇವರ ಕಟ್ಟಿಕೋತಾರ.”