ಎರಡೂ ಕಡೆಯ ವಾದ ಆಲಿಸಿದ ಅರ್ಜಿ

ಒಂದು ಪುಟದ ಪತ್ರ ಬರೆಯುವುದು ನನಗೆ ಕಷ್ಟದ ಕೆಲಸವಲ್ಲ. ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಊರಿನವರ ಬರಹವನ್ನೆಲ್ಲ ತಿದ್ದುತ್ತಿರುವವನು ನಾನು. ಹಾಗಾಗಿ ಮಗಳ ಶಾಲೆಯಿಂದ ಅರ್ಜಿ ಬಂದಾಗ, "ಇದನ್ನ ನನಗೆ ಬಿಡಿ" ಎಂದೆ. ಮನೆಯವರು ಬಿಟ್ಟರು. ತಪ್ಪು ಅಲ್ಲಿಂದಲೇ ಶುರುವಾಯಿತು.

ಮಗಳು ಸಿರಿ ಓದುವುದು ಬಸವನಗುಡಿಯ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ನಮ್ಮ ಚಾಮರಾಜಪೇಟೆಯ ಮಕ್ಕಳ ಜೊತೆ ಕೊರಿಯಾದವರು, ಕೀನ್ಯಾದವರು, ಇರಾನಿನವರೂ ಇದ್ದಾರೆ. ಒಂಬತ್ತನೇ ತರಗತಿಗೆ ಬಂದಾಗ ಸ್ಟೇಟ್ ಸಿಲಬಸ್ಸೋ ಇಂಟರ್‌ನ್ಯಾಷನಲ್ಲೋ ಎಂದು ಆರಿಸಿಕೊಳ್ಳಬೇಕು. ಸಿರಿಗೆ ಇಂಟರ್‌ನ್ಯಾಷನಲ್ ಬೇಕಿತ್ತು. ಭಾನುವಾರಗಳಲ್ಲಿ ಲಾಲ್‌ಬಾಗಿನಲ್ಲಿ ಕೂತು ಎಲೆ, ಕಾಯಿ, ತೊಗಟೆ ಬಿಡಿಸುವ ಹುಡುಗಿ ಅವಳು. ಜೀವಶಾಸ್ತ್ರವನ್ನೂ ಚಿತ್ರಕಲೆಯನ್ನೂ ಒಟ್ಟಿಗೆ ಪರೀಕ್ಷೆಗೆ ತೆಗೆದುಕೊಳ್ಳಲು ಅವಳ ಶಾಲೆಯಲ್ಲಿ ಅದೊಂದೇ ದಾರಿ. ಸೀಟು ಕಡಿಮೆ. ಮಗುವಿಗೆ ಈ ಪಠ್ಯಕ್ರಮ ಏಕೆ ಬೇಕೆಂದು ಪೋಷಕರು ಒಂದು ಪುಟ ಬರೆದುಕೊಡಬೇಕು.

ನಾನು ಬರೆದೆ. ಮೊದಲ ಪ್ಯಾರಾದಲ್ಲಿ ಸಿರಿಯ ಆಸೆ. ಎರಡನೆಯದರಲ್ಲಿ ಹಿನ್ನೆಲೆ. ಅಷ್ಟಕ್ಕೇ ನಿಲ್ಲಿಸಿದರೆ ಏಕಪಕ್ಷೀಯವಾಗುತ್ತದಲ್ಲ? ಹಾಗೆ ಬರೆದುಕೊಂಡು ಬಂದ ಎಷ್ಟು ವರದಿಗಾರರನ್ನು ನಾನೇ ವಾಪಸ್ ಕಳಿಸಿಲ್ಲ? ಆದ್ದರಿಂದ ಮೂರನೆಯ ಪ್ಯಾರಾದಲ್ಲಿ ಸ್ಟೇಟ್ ಸಿಲಬಸ್ಸಿನ ಅನುಕೂಲಗಳನ್ನೂ, ನಾಲ್ಕನೆಯದರಲ್ಲಿ ಇಂಟರ್‌ನ್ಯಾಷನಲ್ ಬಗ್ಗೆ ನಮ್ಮ ಅತ್ತೆಯವರಿಗಿದ್ದ ಆತಂಕವನ್ನೂ ಸೇರಿಸಿದೆ. ಅತ್ತೆ ನನ್ನಲ್ಲಿ ಯಾವ ಆತಂಕವನ್ನೂ ತೋಡಿಕೊಂಡಿರಲಿಲ್ಲ. ನಾನೇ ಫೋನ್ ಮಾಡಿ ಕೇಳಿ ಪಡೆದೆ.

ನನ್ನ ಹೆಂಡತಿ ವೀಣಾ ತನ್ನ ತಂದೆಯ ಕಾಲದ ತರಕಾರಿ ಅಂಗಡಿ ನೋಡಿಕೊಳ್ಳುತ್ತಾಳೆ. ಪತ್ರ ಓದಿ, "ಏನ್ರೀ ಇದು, ಬೇಕು ಅಂತಾನಾ ಬೇಡ ಅಂತಾನಾ?" ಎಂದಳು.

"ಓದಿದವರು ತೀರ್ಮಾನ ಮಾಡ್ತಾರೆ" ಎಂದೆ.

ಮಾಡಿದರು. ಒಂದು ವಾರದ ನಂತರ ಶಾಲೆಯ ಸಂಯೋಜಕಿ ಶೆರಿನ್ ಮೇಡಂ ಫೋನ್ ಮಾಡಿದರು. "ಸರ್, ಎಷ್ಟು ಚೆನ್ನಾಗಿ ಬರ್ದಿದೀರ! ನಾಲ್ಕನೇ ಪ್ಯಾರಾ ಅಂತೂ ಕಮಿಟಿಯವರಿಗೆಲ್ಲ ಹಿಡಿಸ್ತು. ನೀವು ಹೇಳಿದಂಗೇ ಸಿರೀನ ಸ್ಟೇಟ್ ಸಿಲಬಸ್‌ಗೆ ಹಾಕಿದೀವಿ."

ಸಿರಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನೀನು ನನ್ನ ಕಡೆ ಇದೀಯ ಅನ್ಕೊಂಡಿದ್ದೆ ಅಪ್ಪ" ಎಂದು ಹೇಳಿ ರೂಮಿಗೆ ಹೋದಳು.

ತಪ್ಪಾದರೆ ಕೂಡಲೇ ತಿದ್ದುಪಡಿ ಕೊಡುವುದು ನಮ್ಮ ವೃತ್ತಿಧರ್ಮ. ತಿದ್ದುಪಡಿ ಚಿಕ್ಕದಾಗಿರಬೇಕು, ಮೂಲ ತಪ್ಪನ್ನು ಮತ್ತೆ ಎತ್ತಿ ಆಡಬಾರದು ಎಂಬುದೂ ನಮ್ಮ ರೂಢಿ. ಅದರಂತೆ ಶಾಲೆಗೆ ಒಂದೇ ಸಾಲು ಬರೆದೆ: "ನಮ್ಮ ಪತ್ರದಿಂದ ಉಂಟಾದ ತಪ್ಪು ಗ್ರಹಿಕೆಗೆ ವಿಷಾದಿಸುತ್ತೇವೆ."

ಸಂಜೆಗೆ ಉತ್ತರ ಬಂತು. ವಿಷಾದದ ಅಗತ್ಯವಿಲ್ಲ, ನಮ್ಮ ನಿರ್ಧಾರವನ್ನು ಶಾಲೆ ಗೌರವಿಸುತ್ತದೆ.

"ಏನು ತಪ್ಪಾಯ್ತು ಅಂತ ಬರೀಲೇ ಇಲ್ವಲ್ರೀ" ಎಂದಳು ವೀಣಾ. "ಬೀನ್ಸ್ ಬದ್ಲು ಗೋರಿಕಾಯಿ ಕೊಟ್ಬಿಟ್ಟು, ಬೇಜಾರಾಯ್ತಮ್ಮ ಅಂದ್ರೆ ಆಗುತ್ತಾ? ಬೀನ್ಸ್ ಕೊಡ್ಬೇಕು."

ಮರುದಿನ ಮೂವರೂ ಶಾಲೆಗೆ ಹೋದೆವು. ಪ್ರಾಂಶುಪಾಲರ ಕೊಠಡಿಯ ಹೊರಗೆ ಸಿರಿಯ ಸಹಪಾಠಿಯ ತಂದೆ, ಕೊರಿಯಾದ ಪಾರ್ಕ್ ಅವರು ಕೂತಿದ್ದರು. ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದಾರೆ.

"ನಮ್ ಹುಡುಗ ಸ್ಟೇಟ್ ಸಿಲಬಸ್ ಕೇಳ್ದ ಸರ್. ಕನ್ನಡ ಫಸ್ಟ್ ಲಾಂಗ್ವೇಜು. ಸಿಕ್ತು" ಎಂದರು.

"ಪತ್ರ ಎಷ್ಟುದ್ದ ಬರೆದಿದ್ರಿ?"

"ಮೂರು ಲೈನು. ಮಗನಿಗೆ ಬೇಕು. ನಮಗೂ ಬೇಕು. ಕೊಡಿ." ಸ್ವಲ್ಪ ಯೋಚಿಸಿ, "ಜಾಸ್ತಿ ಬರೆಯೋಕೆ ಬರಲ್ಲ ಸರ್" ಎಂದು ಸೇರಿಸಿದರು.

ಒಳಗೆ ಪ್ರಾಂಶುಪಾಲರು ನನ್ನ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡಿದ್ದರು. "ಸರ್, ಸಿಂಪಲ್ಲಾಗಿ ಹೇಳ್ಬಿಡಿ. ನಿಮಗೆ ಇಂಟರ್‌ನ್ಯಾಷನಲ್ ಬೇಕೋ ಬೇಡವೋ?"

ಬೇಕು ಎಂಬ ಒಂದು ಮಾತು ಸಾಕಿತ್ತು. ಗಂಟಲಿನವರೆಗೂ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ಬೇರೆ. "ಮನೆಯಲ್ಲಿ ಆ ಕಡೆಗೆ ಒಲವು ಇದೆ ಎನ್ನಬಹುದು. ಹಾಗಂತ ಸ್ಟೇಟ್ ಸಿಲಬಸ್ಸನ್ನ..."

"ಮೇಡಂ, ಇವರನ್ನ ಬಿಟ್ಬಿಡಿ" ಎಂದಳು ವೀಣಾ.

ಸಿರಿ ಎದ್ದು ನಿಂತಳು. "ನನಗೆ ಬೇಕು ಮೇಡಂ. ಅಪ್ಪ ಯಾವಾಗ್ಲೂ ಹೀಗೇನೇ. ದೋಸೆ ಬೇಕಾ ಅಂದ್ರೆ ಇಡ್ಲಿ ಪರವಾಗಿ ಎರಡು ಮಾತಾಡ್ತಾನೆ. ಆಮೇಲೆ ದೋಸೆನೇ ತಿಂತಾನೆ."

ಪ್ರಾಂಶುಪಾಲರು ನಗಲಿಕ್ಕೆ ಕನ್ನಡಕ ತೆಗೆದರು. ನಕ್ಕು ಮುಗಿಸಿ, ಸೀಟುಗಳೆಲ್ಲ ತುಂಬಿವೆ, ಸಿರಿಯನ್ನು ಕಾಯುವವರ ಪಟ್ಟಿಯಲ್ಲಿ ಮೊದಲಿಗಳಾಗಿ ಇಡುತ್ತೇನೆ ಎಂದರು.

ಮೂರು ವಾರ ಕಾದೆವು. ಆ ಮೂರು ವಾರ ಸಿರಿ ನನ್ನ ಜೊತೆ ಮಾತಾಡಿದ್ದು ಚಾರ್ಜರ್ ಎಲ್ಲಿದೆ ಎಂಬ ವಿಷಯದಲ್ಲಿ ಮಾತ್ರ. ಭಾನುವಾರ ಲಾಲ್‌ಬಾಗಿಗೂ ಹೋಗಲಿಲ್ಲ. ಕೊನೆಗೆ ಕೀನ್ಯಾದ ಒಂದು ಕುಟುಂಬ ತಾಯ್ನಾಡಿಗೆ ಮರಳಿತು, ಒಂದು ಸೀಟು ಖಾಲಿಯಾಯಿತು. ಪೋಷಕರಿಂದ ಹೊಸ ಪತ್ರ ಬೇಕೆಂದು ಶೆರಿನ್ ಮೇಡಂ ಫೋನ್ ಮಾಡಿದರು. ನನಗಲ್ಲ, ವೀಣಾಳಿಗೆ.

ಅಂಗಡಿಯಲ್ಲಿ ಗಿರಾಕಿಗಳ ಮಧ್ಯೆಯೇ ವೀಣಾ ನಾಲ್ಕು ಸಾಲು ಬರೆದು ತಂದು ನನ್ನ ಮುಂದಿಟ್ಟಳು. "ಓದ್ಬೇಡಿ. ಸೈನ್ ಹಾಕಿ."

ಕಣ್ಣಿಗೆ ಅಭ್ಯಾಸ, ಓದಿಬಿಟ್ಟಿತು. ಎರಡು ಕಡೆ ಕಾಗುಣಿತ ತಪ್ಪಿತ್ತು. ಒಂದು ವಾಕ್ಯಕ್ಕೆ ಕ್ರಿಯಾಪದವೇ ಇರಲಿಲ್ಲ. ಸ್ಟೇಟ್ ಸಿಲಬಸ್ಸಿನ ಪರವಾಗಿ ಒಂದಕ್ಷರವೂ ಇರಲಿಲ್ಲ. ಪೆನ್ನು ಮೊದಲ ತಪ್ಪಿನ ಕಡೆ ಹೊರಟಿದ್ದು ನಿಜ. ಸಿರಿ ನನ್ನ ಮಣಿಕಟ್ಟು ಹಿಡಿದು, ಹಾಳೆಯ ಕೆಳಗೆ ಸಹಿಯ ಜಾಗಕ್ಕೆ ತಂದು ಬಿಟ್ಟಳು.

ಸಹಿ ಹಾಕಿದೆ. ಮರುದಿನವೇ ಸೀಟು ಸಿಕ್ಕಿತು. ಪತ್ರ ಬಹಳ ಸ್ಪಷ್ಟವಾಗಿದೆ ಎಂದು ಶಾಲೆಯವರು ಹೊಗಳಿದರಂತೆ.