ಡೈರಿ ಮುಂದೆ ನಾಯಿಗಳ ಸಾಲು

ಯಮಧರ್ಮರಾಯನೇ ಕೋಣದ ಮೇಲೆ ಕೂತು ಎದುರಿಗೆ ಬಂದರೂ ನಮ್ಮ ಮಾವ ಹೆದರುವ ಆಸಾಮಿಯಲ್ಲ. "ಹಿಂದೆ ಹೋಗಿ ಸಾಲಲ್ಲಿ ನಿಂತ್ಕೊಳ್ಳಯ್ಯಾ, ನಿನಗಿಂತ ಮುಂಚೆ ಬಂದೋರು ಇದ್ದಾರೆ" ಅಂದುಬಿಡುತ್ತಾರೆ. ಯಮ ನಿಲ್ಲುತ್ತಾನೋ ಇಲ್ಲವೋ ಗೊತ್ತಿಲ್ಲ, ಕೋಣವಂತೂ ಖಂಡಿತ ನಿಲ್ಲುತ್ತದೆ. ಇದೇನು ಇಷ್ಟೊಂದು ಬುರುಡೆ ಬಿಡುತ್ತಾಳೆ ಅಂತ ನಿಮಗನಿಸಿದರೆ ನೀವು ನಮ್ಮ ಮಾವನನ್ನು ನೋಡಿಲ್ಲ ಅಂತ ಅರ್ಥ!

ಮಾವ ಅಂದರೆ ನನ್ನ ತಾಯಿಯ ಅಣ್ಣ. ಮುಳಬಾಗಿಲಿನಿಂದ ಕುರುಡುಮಲೆ ಕಡೆಗೆ ಹೋಗುವಾಗ ಸ್ವಲ್ಪ ಒಳಗೆ ತಿರುಗಿದರೆ ಅವರ ಊರು. ಆ ಊರಿನ ಹಾಲಿನ ಡೈರಿಗೆ ಇಪ್ಪತ್ತೆಂಟು ವರ್ಷ ಸೆಕ್ರೆಟರಿಯಾಗಿದ್ದವರು. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಊರಿಗೆ ಊರೇ ಕ್ಯಾನು ಹಿಡಿದು ಅವರ ಮುಂದೆ ಸಾಲು ನಿಲ್ಲಬೇಕು. ಪಂಚಾಯ್ತಿ ಅಧ್ಯಕ್ಷನೂ ಅಷ್ಟೇ, ಪೂಜಾರಿಯೂ ಅಷ್ಟೇ. ಒಮ್ಮೆ ನಮ್ಮತ್ತೆ, ಅಂದರೆ ಮಾವನ ಹೆಂಡತಿ, ಒಲೆ ಮೇಲೆ ಅನ್ನಕ್ಕಿಟ್ಟು ಬಂದಿದ್ದೀನಿ ಅಂತ ಹಿಂಬಾಗಿಲಿನಿಂದ ಕ್ಯಾನು ಒಳಗೆ ಚಾಚಿದರಂತೆ. ಮಾವ ತಲೆ ಎತ್ತಿಯೂ ನೋಡದೆ "ಹಿಂದಕ್ಕೆ" ಅಂದರು. ಅತ್ತೆ ಸಾಲಿನ ಕೊನೆಗೆ ಹೋಗಿ ನಿಂತು, ಅನ್ನ ಸೀಯಿಸಿಕೊಂಡು, ಕೊನೆಗೂ ಹಾಲು ಕೊಟ್ಟರೆ ಮಾವ ಲ್ಯಾಕ್ಟೋಮೀಟರ್ ಅದ್ದಿ ನೋಡಿ "ನೀರು ಸೇರಿದೆ, ವಾಪಸ್" ಅನ್ನಬೇಕೇ! ಊರೆಲ್ಲ ಕೇಳಿಸಿಕೊಂಡಿತು. ಅವತ್ತು ಮಧ್ಯಾಹ್ನ ಮಾವನ ತಟ್ಟೆಗೆ ಬಿದ್ದ ಸಾರಿನಲ್ಲಿ ಬೇಳೆಯೂ ಇಲ್ಲ, ಹುಣಿಸೆಯೂ ಇಲ್ಲ. "ನೀರು ಬೆರೆಸೋಳು ಅಂದ್ರಲ್ಲ, ಬೆರೆಸಿದ್ದೀನಿ, ಉಣ್ಣಿ" ಅಂದರಂತೆ ಅತ್ತೆ. ಮಾವ ಎರಡು ಸಲ ಬಡಿಸಿಕೊಂಡು ಉಂಡರು. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಮಾತ್ರ ಅವರಿಗಿಲ್ಲ.

ಇಂಥವರನ್ನು ರಿಟೈರು ಮಾಡಿದರೆ ಏನಾಗಬೇಡ? ಡೈರಿಗೆ ಎದುರಾಗಿರುವ ಮನೆಯ ಜಗಲಿಯ ಮೇಲೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದರು. ಮುಗಿಯಿತು. ಆವನಿಯಲ್ಲಿ ನೆಂಟರ ಮದುವೆಗೆ ಹೋದಾಗ ಮುಯ್ಯಿ ಮಾಡಲು ನುಗ್ಗುತ್ತಿದ್ದವರನ್ನೆಲ್ಲ ತಡೆದು, ಮಂಟಪದ ಬಾಗಿಲ ತನಕ ಸಾಲು ಮಾಡಿದರು. ಎಲ್ಲರೂ ಭೇಷ್ ಅಂದರು. ಫೋಟೋದವನು "ಹುಡುಗನ ತಂದೆ ಎಲ್ಲಿ, ಹುಡುಗನ ತಂದೆ ಎಲ್ಲಿ" ಅಂತ ಕೂಗಿದಾಗಲೇ ಗೊತ್ತಾಗಿದ್ದು, ಆ ಪುಣ್ಯಾತ್ಮ ಸಾಲಿನಲ್ಲಿ ಹದಿನಾಲ್ಕನೆಯವನಾಗಿ ನಿಂತಿದ್ದಾನೆ!

ಇನ್ನು ರಾಣಿಯ ವಿಷಯ. ನಾನು ಕೋಲಾರದಲ್ಲಿ ಹೈಸ್ಕೂಲು ಮೇಡಂ. ನನ್ನ ಜೊತೆಯ ಮೇಡಂ ಒಬ್ಬರಿಗೆ ದೂರದ ಊರಿಗೆ ವರ್ಗವಾಗಿ, ಅವರು ಸಾಕಿದ್ದ ರಾಣಿ ಅನ್ನುವ ನಾಯಿ ನನ್ನ ತಲೆಗೆ ಬಂತು. ಕಪ್ಪು ಬಿಳುಪು ಬಣ್ಣದ, ಮೈತುಂಬ ಕೂದಲಿನ ಬಾರ್ಡರ್ ಕೋಲಿ. ಪರದೇಶದಲ್ಲಿ ಕುರಿ ಕಾಯುವ ಜಾತಿಯಂತೆ. ನನ್ನ ಮನೆ ಓನರ್ ಒಂದೇ ದಿನಕ್ಕೆ "ನಾಯಿ ಇರ್ಬೇಕೋ ನೀವಿರ್ಬೇಕೋ ನೋಡ್ಕೊಳ್ಳಿ" ಅಂದರು. ಮರುದಿನವೇ ಮಾವನ ಊರಿಗೆ ಹೊರಟೆ.

ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿದರು. "ಬಾರ್ಡರ್ ಅಂದ್ರೆ ಯಾವ ಬಾರ್ಡರೇ? ಆಂಧ್ರದ್ದಾ?"

"ಇಲ್ಲ ಅತ್ತೆ, ಅದು ಕುರಿ ಕಾಯೋ ಜಾತಿ."

"ನಮಗೆ ಕುರಿಯೆಲ್ಲಿದೆ? ನಿಮ್ಮ ಮಾವನ್ನ ಕಾಯುತ್ತಾ ಕೇಳು. ನೋಡೇ, ಒಂದು ತಿಂಗಳು ಇರ್ಲಿ. ಊರ ನಾಯಿಗಳ ಜೊತೆ ಹೊಂದ್ಕೊಂಡು ಹೋದ್ರೆ ಸರಿ. ಕಚ್ಚಾಟ ಅಂತ ಒಂದು ದೂರು ಬಂದ್ರೂ ವಾಪಸ್ ತಗೊಂಡು ಹೋಗ್ಬೇಕು."

ಮಾವ "ರೂಲ್ಸ್ ಅಂದ್ರೆ ರೂಲ್ಸು" ಅಂತ ತಲೆಯಾಡಿಸಿದರು. ಪಾಪ, ಆಗ ಅವರಿಗೆ ಅದರ ಮೇಲೆ ಇನ್ನೂ ಪ್ರೀತಿ ಹುಟ್ಟಿರಲಿಲ್ಲ.

ಮೊದಲ ದಿನವೇ ಅದನ್ನು ಮುನಿವೆಂಕಟಪ್ಪನ ಕುರಿದೊಡ್ಡಿಗೆ ಕರೆದುಕೊಂಡು ಹೋದರು. ಕಾಯುವ ಜಾತಿ ಕಾಯುವುದನ್ನು ಊರು ನೋಡಲಿ ಅಂತ. ದೊಡ್ಡಿಯಲ್ಲಿದ್ದ ಟಗರು ಮುಂಗಾಲಿನಿಂದ ಒಮ್ಮೆ ನೆಲ ಗುದ್ದಿತು. ಅಷ್ಟೇ! ರಾಣಿ ಮಾವನ ಪಂಚೆಯ ಹಿಂದೆ. ಮುನಿವೆಂಕಟಪ್ಪ ಬೀಡಿ ಬಾಯಿಂದ ತೆಗೆದು ನಿಧಾನವಾಗಿ ಕೇಳಿದ, "ಸೆಕ್ರೆಟ್ರಿಗಳೇ, ನಿಮ್ಮ ನಾಯೀನ ಕಾಯಕ್ಕೆ ನಮ್ಮ ಟಗರು ಕಳಿಸ್ಲಾ?"

ಕುರಿ ಕಂಡರೆ ಓಡುವ ಈ ರಾಣಿ ನಾಯಿಗಳನ್ನು ಕಂಡರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದಳು. ಡೈರಿ ಮುಂದೆ ಚೆಲ್ಲಿದ ಹಾಲಿನ ಆಸೆಗೆ ಊರಿನ ಏಳು ನಾಯಿಗಳು ದಿನವೂ ಸೇರುತ್ತವೆ. ನಮ್ಮ ಕಡೆ ನಾಯಿಗಳಿಗೆಲ್ಲ ತೆಲುಗೇ ಬರುವುದು. "ರಾ" ಅಂದರೆ ಬರುತ್ತವೆ, "ಪೋ" ಅಂದರೆ ಹೋಗುತ್ತವೆ. ಅವುಗಳಿಗೆ ಗೊತ್ತಿದ್ದದ್ದು ಎರಡೇ ವಿದ್ಯೆ, ಬೊಗಳುವುದು ಮತ್ತು ಕಚ್ಚುವುದು. ಇವಳು ಎರಡೂ ಮಾಡುವುದಿಲ್ಲ! ನೆಲಕ್ಕೆ ಹೊಟ್ಟೆ ತಾಗಿಸಿ, ಕತ್ತು ತಗ್ಗಿಸಿ, ರೆಪ್ಪೆ ಹೊಡೆಯದೆ ದುರುಗುಟ್ಟಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬರುತ್ತಾಳೆ. ಬೊಗಳದೆ ಸುಮ್ಮನೆ ನೋಡುವವರನ್ನು ಏನು ಮಾಡುವುದು ಹೇಳಿ? ನಾಯಿಗಳು ಗಲಿಬಿಲಿಯಾಗಿ ಹಿಂದೆ ಹಿಂದೆ ಸರಿದವು. ಮೂರನೆಯ ದಿನ ಸಂಜೆ ಮಾವ ಜಗಲಿಯಿಂದ ತಲೆ ಎತ್ತಿ ನೋಡಿದರೆ ಡೈರಿ ಗೋಡೆಗೆ ಒತ್ತಿಕೊಂಡು ಆರು ನಾಯಿಗಳು ಸಾಲಾಗಿ ನಿಂತಿವೆ! ಎದುರಿಗೆ ರಾಣಿ ಕಾವಲು.

ಮಾವ ನನಗೆ ಫೋನು ಮಾಡಿದರು. "ಸಾಲು ಕಣೇ! ನಾಯಿಗಳು ಸಾಲು ನಿಂತಿದ್ದಾವೆ ಕಣೇ! ಮನುಷ್ಯರಿಗೆ ಇಪ್ಪತ್ತೆಂಟು ವರ್ಷ ಹೇಳಿದ್ರೂ ಬರ್ಲಿಲ್ಲ!"

ಅಲ್ಲಿಗೆ ಮಾವನ ಕಥೆ ಮುಗಿಯಿತು. ಅವಳಿಗೆ ಮೊದಲ ತುತ್ತು, ಆಮೇಲೆ ತಮಗೆ. ಆದರೆ ಹೊಸಬಳು ಬಂದು ಅಧಿಕಾರ ನಡೆಸಿದರೆ ಹಳಬರು ಸುಮ್ಮನಿರುತ್ತಾರೆಯೇ? ಮುನಿವೆಂಕಟಪ್ಪನ ನಾಯಿ ಟೈಗರ್ ಒಂದು ದಿನ ಅವಳ ಬಾಲಕ್ಕೆ ಬಾಯಿ ಹಾಕಿತು. ಕಚ್ಚಾಟ ಅಂತ ಅತ್ತೆಯ ಕಿವಿಗೆ ಬಿದ್ದರೆ ಗತಿಯೇನು! ಮಾವ ಒಂದು ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ಘೋಷಿಸಿದರು. "ಹೊಸ ಸೊಸೆ ಬಂದ್ರೆ ಮನೆಮನೆಗೂ ಕರ್ಕೊಂಡು ಹೋಗಿ ಅರಿಶಿನ ಕುಂಕುಮ ತಗೊಳ್ಳಲ್ವಾ? ಇವಳನ್ನ ಯಾರಿಗೂ ತೋರಿಸೇ ಇಲ್ಲ, ಅದಕ್ಕೇ ಮುನಿಸ್ಕೊಂಡವ್ರೆ."

"ಯಾರು ಮುನಿಸ್ಕೊಂಡಿರೋದು ರೀ?"

"ನಾಯಿಗಳು."

ಅತ್ತೆ ಹಣೆ ಹಣೆ ಚಚ್ಚಿಕೊಂಡರು. ಮಾವ ಬಿಡಲಿಲ್ಲ. ಒಗೆದ ಪಂಚೆ ಉಟ್ಟು, ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದರಲ್ಲಿ ರಾಣಿಯ ಹಗ್ಗ ಹಿಡಿದು ನಾಯಿ ಸಾಕಿದ ಮನೆಗಳಿಗೆಲ್ಲ ಹೋದರು. ಪ್ರತಿ ಮನೆಯಲ್ಲೂ ಆ ಮನೆಯ ನಾಯಿಗೆ ಮೊದಲು ಹಾಲು, ಆಮೇಲೆ ರಾಣಿಗೆ, ಅದೇ ತಟ್ಟೆಯಲ್ಲಿ. ಮುನಿವೆಂಕಟಪ್ಪನ ಹೆಂಡತಿ ನಗುತ್ತಲೇ ರಾಣಿಯ ಹಣೆಗೆ ಕುಂಕುಮವಿಟ್ಟು ಬಾಳೆಹಣ್ಣು ತಿನ್ನಿಸಿದಳು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮರುದಿನದಿಂದ ಟೈಗರ್ ಅವಳ ಹಿಂದೆ ಹಿಂದೆಯೇ ತಿರುಗತೊಡಗಿತು! ಊರೆಲ್ಲ ನಕ್ಕಿತು. ನಗದವಳು ಒಬ್ಬಳೇ, ನಾಯಿಯೇ ಇಲ್ಲದ ಮೂಲೆಮನೆ ಗೌರಮ್ಮ. "ಎಲ್ಲರ ಮನೆಗೂ ಹೋದ್ರಂತೆ, ನಮ್ಮನೆ ಏನು ಮಾಡಿತ್ತು?" ಅಂತ ಜಗಳಕ್ಕೇ ಬಂದಳು. ಮಾವ ಅವಳ ಮನೆಗೂ ಹೋಗಿ ಬಂದರು.

ಅಲ್ಲಿಗೆ ಆರು ನಾಯಿಗಳಾದವು. ಏಳನೆಯದೇ ಕೆಂಚ.

ಕೆಂಚನಿಗೆ ಮನೆಯಿಲ್ಲ. ಯಾರ ಮನೆಗೆ ಚೊಂಬು ಹಿಡಿದು ಹೋಗುವುದು? ಕೆಂಪು ಬಣ್ಣದ, ಒಂದು ಕಿವಿ ಹರಿದ ಮುದಿ ನಾಯಿ ಅದು, ಡೈರಿ ಮೆಟ್ಟಿಲೇ ಅದರ ಬಿಡಾರ. ಅದಕ್ಕೂ ಮಾವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಊರಿನವರು ಈಗೀಗ ತಾವು ನಿಲ್ಲುವ ಬದಲು ತಮ್ಮ ಕ್ಯಾನುಗಳನ್ನು ಸಾಲಾಗಿ ಇಟ್ಟು ಹರಟೆಗೆ ಹೋಗುತ್ತಾರೆ. ಮೂರು ವರ್ಷದಿಂದ ಈ ಕೆಂಚ ಆ ಸಾಲಿನೊಳಗೇ ನುಗ್ಗಿ ಕ್ಯಾನು ಉರುಳಿಸುವುದು, ಮಾವ ಎದ್ದು ಕಲ್ಲು ಬೀರುವುದು, ಅದು ಗುರ್ ಅನ್ನುವುದು, ಹೀಗೇ ನಡೆದಿತ್ತು. "ಬೇಕೂ ಬೇಕೂ ಅಂತ್ಲೇ ಬೀಳಿಸ್ತಾನೆ ಕಣೇ, ಕೊಬ್ಬು!" ಅನ್ನುತ್ತಿದ್ದರು ಮಾವ. ಯಾರು ಹತ್ತಿರ ಹೋದರೂ ಗುರ್ ಅನ್ನುತ್ತಿತ್ತಾದ್ದರಿಂದ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಅತ್ತೆ ಮಾತ್ರ ದಿನವೂ ಗಂಡನ ಕಣ್ಣು ತಪ್ಪಿಸಿ ಒಂದು ಉಂಡೆ ರಾಗಿ ಮುದ್ದೆಯನ್ನು ದೂರದಿಂದಲೇ ಎಸೆದು ಬರುತ್ತಿದ್ದರು.

ರಾಣಿಯ ದುರುಗುಟ್ಟುವ ವಿದ್ಯೆ ಕೆಂಚನ ಮುಂದೆ ನಡೆಯಲಿಲ್ಲ. ಅವಳು ಎಷ್ಟು ನೋಡಿದರೂ ಅದು ಕದಲಲಿಲ್ಲ. ಎರಡು ದಿನ ನೋಡಿದಳು. ಮೂರನೆಯ ದಿನದಿಂದ ಶುರುವಾಯಿತು ನೋಡಿ! ಉಳಿದ ನಾಯಿಗಳನ್ನೆಲ್ಲ ಬಿಟ್ಟು ಇದೊಂದರ ಬೆನ್ನು ಹತ್ತಿದಳು. ಅದು ಎದ್ದರೆ ಏಳುವಳು. ನಡೆದರೆ ಮೈಗೆ ಮೈ ಒತ್ತಿ ನಡೆಯುವಳು. ರಸ್ತೆಗೆ ಇಳಿದರೆ ಭುಜ ಕೊಟ್ಟು ತಳ್ಳಿ ತಳ್ಳಿ ಪಕ್ಕಕ್ಕೆ ತರುವಳು. ಕೆಂಚ ಹಲ್ಲು ಕಿರಿಯಿತು, ಕಚ್ಚಿತು, ಅವಳ ಮೂತಿಯಲ್ಲಿ ರಕ್ತ ಬಂತು. ಬಿಡಲಿಲ್ಲ. "ಪಾಪ, ಆ ಮುದುಕನಿಗೆ ಎಂಥ ಹಿಂಸೆ ಕೊಡ್ತಾಳೆ" ಅಂತ ಡೈರಿಯಲ್ಲಿ ಮಾತಾಯಿತು. ಮಾತು ಅತ್ತೆಗೆ ತಲುಪಿತು.

ತಿಂಗಳು ತುಂಬಲು ಇನ್ನೂ ನಾಲ್ಕು ದಿನವಿತ್ತು. ಮಾವನೇ ಫೋನು ಮಾಡಿದರು. "ದೂರು ಬಂದಿದೆ. ಬಂದು ತಗೊಂಡು ಹೋಗೇ."

"ಮಾವ, ಅತ್ತೆ ಹತ್ರ ಒಂದು ಮಾತು ನಾನು ಹೇಳ್ಲಾ?"

"ಬೇಡ. ಬೇರೆಯೋರಿಗೆಲ್ಲ ಒಂದು ರೂಲ್ಸು, ನನ್ನ ನಾಯಿಗೆ ಒಂದು ರೂಲ್ಸಾ?" ಅಂದರು. ಆದರೂ ಫೋನು ಮಾತ್ರ ಇಡಲಿಲ್ಲ.

ಮಾಲೂರಿನ ಲಕ್ಕೂರು ಕಡೆ ನನ್ನ ಗೆಳತಿಯ ತೋಟವಿದೆ. ಸುತ್ತಲೂ ಬೇಲಿ, ಬೇರೆ ನಾಯಿಗಳಿಲ್ಲ. ಅವಳು ರಾಣಿಯನ್ನು ಇಟ್ಟುಕೊಳ್ಳಲು ಒಪ್ಪಿದಳು. ಭಾನುವಾರ ಬೆಳಿಗ್ಗೆ ಹೋದೆ. ಅತ್ತೆ ರಾಣಿಯ ತಟ್ಟೆ, ಹಾಸಿಕೊಳ್ಳುವ ಗೋಣಿ ಎರಡನ್ನೂ ಗಂಟು ಕಟ್ಟಿಟ್ಟಿದ್ದರು. ಷರತ್ತು ಹಾಕಿದವರೇ ಅವರು, ಆದರೂ ನನ್ನ ಮುಖ ನೋಡಲಿಲ್ಲ. ಬಸ್ಸು ನಿಲ್ಲುವುದು ಡೈರಿ ಎದುರಿಗೆ. ಮಾವ, ಅತ್ತೆ, ನಾನು, ರಾಣಿ, ನಾಲ್ಕೂ ಜನ ಅಲ್ಲಿ ಹೋಗಿ ನಿಂತೆವು.

ಅಷ್ಟರಲ್ಲಿ ಹಾಲಿನ ಲಾರಿ ಬಂದು ಕ್ಯಾನು ತುಂಬಿಕೊಳ್ಳಲು ರಿವರ್ಸ್ ಬರತೊಡಗಿತು. ಮೆಟ್ಟಿಲ ಮೇಲಿದ್ದ ಕೆಂಚ ಎದ್ದು, ಮೈಮುರಿದು, ಹಾಲಿನ ವಾಸನೆ ಹಿಡಿದು ನೆಟ್ಟಗೆ ಲಾರಿಯ ಹಿಂದಿನ ಚಕ್ರದ ಕಡೆಗೇ ನಡೆಯಿತು. ಕ್ಲೀನರ್ "ಹೋಲ್ಡಾನ್, ಹೋಲ್ಡಾನ್" ಅಂತ ಬಡಿಯುತ್ತಿದ್ದ, ಡ್ರೈವರಿಗೆ ಕೇಳಿಸಲಿಲ್ಲ. ನನ್ನ ಕೈಯಿಂದ ಹಗ್ಗ ಸರ್ರನೆ ಜಾರಿತು. ರಾಣಿ ಬೊಗಳಲಿಲ್ಲ. ಓಡಿಹೋಗಿ ಕೆಂಚನ ಪಕ್ಕೆಗೆ ಭುಜ ಕೊಟ್ಟಳು. ಅದು ತಿರುಗಿ ಅವಳ ಕಿವಿ ಹಿಡಿಯಿತು. ಕಚ್ಚಿಸಿಕೊಂಡೇ ಅದನ್ನು ಚರಂಡಿಯ ಪಕ್ಕದ ತನಕ ತಳ್ಳಿದಳು. ಅವು ನಿಂತಿದ್ದ ಜಾಗದ ಮೇಲೆ ಚಕ್ರ ಹಾದುಹೋಯಿತು. ಅತ್ತೆ "ಅಯ್ಯೋ ದೇವರೇ" ಅಂತ ಕೂತೇಬಿಟ್ಟರು.

ಮಾವ ಹತ್ತಿರ ಹೋದರು. ಹೆಗಲ ಮೇಲಿನ ಟವೆಲ್ಲನ್ನು ಕೆಂಚನ ಮುಖದ ಮುಂದೆ ಬೀಸಿದರು. ಕೆಂಚ ರೆಪ್ಪೆ ಹೊಡೆಯಲಿಲ್ಲ. ಬಗ್ಗಿ ನೋಡಿದರು. ಎರಡೂ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ.

"ಕಣ್ಣಿಲ್ಲ ಕಣೇ ಇವನಿಗೆ" ಅಂದರು ಮಾವ.

ಹಾಗೇ ರಸ್ತೆ ಪಕ್ಕದ ಮಣ್ಣಿನಲ್ಲಿ, ಬಿಳಿ ಪಂಚೆಯಲ್ಲೇ ಕೂತರು. "ಅವಳು ನೋಡಿದ್ರೆ ಎಲ್ಲಾ ನಾಯಿಗಳೂ ಸರೀತಿದ್ವು, ಇವನು ಸರೀಲಿಲ್ಲ. ಕಾಣದೋನು ಹೆಂಗೆ ಸರೀತಾನೆ? ಅದಕ್ಕೇ ಅವಳು ತಳ್ತಿದ್ದಿದ್ದು. ಮೂರು ದಿನಕ್ಕೆ ಒಂದು ನಾಯಿಗೆ ಗೊತ್ತಾಯ್ತು. ನಾನು ಮೂರು ವರ್ಷ ಎದುರಿಗೇ ಕೂತಿದ್ದೆ. ಕ್ಯಾನು ಕಾಣದೆ ಎಡವಿದೋನಿಗೆ ಕಲ್ಲು ಹೊಡ್ದೆ ಕಣೇ ನಾನು."

"ನಾನೂ ದಿನಾ ಮುದ್ದೆ ಹಾಕ್ತಿದ್ದೆ, ನನಗೂ ಗೊತ್ತಾಗ್ಲಿಲ್ವಲ್ಲಾ" ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿಗೆ ಕದ್ದು ಮುದ್ದೆ ಹಾಕುವ ಅಭ್ಯಾಸವಿದೆ ಅಂತ ಮಾವನಿಗೆ ಆಗಲೇ ತಿಳಿಯಬೇಕಿತ್ತು, ಆದರೆ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಮಾವ ಅಂಗೈ ಬಿಚ್ಚಿ ಕೆಂಚನ ಮೂಗಿನ ಮುಂದೆ ಚಾಚಿದರು. ವಾಸನೆ ಸಿಕ್ಕಿದ್ದೇ ತಡ ಅದು ಗುರ್ ಅಂದಿತು.

"ಮಾವ, ಕೈ ತೆಗೀರಿ, ಕಚ್ಚುತ್ತೆ!"

"ಗುರ್ ಅನ್ನಲಿ ಬಿಡೇ. ಇಷ್ಟು ದಿನ ನಾನಂದಿಲ್ವಾ? ಅವನೂ ಅನ್ನಲಿ. ತಪ್ಪಾಯ್ತು ಕಣೋ ಕೆಂಚ. ತಪ್ಪಾಯ್ತು."

ಅದು ಗುರ್ ಅನ್ನುತ್ತಲೇ ಇತ್ತು. ಮಾವ ಕೈ ತೆಗೆಯಲಿಲ್ಲ. ರಾಣಿ ಬಂದು ಇಬ್ಬರ ನಡುವೆ ಮೈ ಚೆಲ್ಲಿ ಕೂತಳು, ಅವಳ ಕಿವಿಯಿಂದ ರಕ್ತ ಸೋರುತ್ತಿತ್ತು. ಗುರ್ರೆನ್ನುವ ಸದ್ದು ಸಣ್ಣದಾಗುತ್ತಾ ಬಂತು, ನಿಂತಿತು. ಕೆಂಚ ತನ್ನ ಗದ್ದವನ್ನು ಮಾವನ ಅಂಗೈ ಮೇಲೆ ಇಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ. ಮಾವನಂತೂ ಮರೆಮಾಚುವ ಗೋಜಿಗೇ ಹೋಗಲಿಲ್ಲ.

ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಕೂಗಿದ, "ಮೇಡಂ, ಬರ್ತೀರೇನ್ರೀ? ನಾಯಿಗೂ ಟಿಕೆಟ್ ಆಗುತ್ತೆ!"

ನಾನು ಅತ್ತೆಯನ್ನು ನೋಡಿದೆ. ಅತ್ತೆ ಗಂಟು ಬಿಚ್ಚಿ ಗೋಣಿಯನ್ನು ಎರಡೂ ನಾಯಿಗಳಿಗೆ ಆಗುವಷ್ಟು ಅಗಲಕ್ಕೆ ಹಾಸುತ್ತಿದ್ದರು. ಮಾವ ಅಂಗೈ ಕದಲಿಸದೆ, ತಲೆಯನ್ನೂ ಎತ್ತದೆ ಅಂದರು:

"ರೈಟ್ ಹೇಳಪ್ಪಾ. ಇಲ್ಲಿಂದ ಯಾರೂ ಎಲ್ಲಿಗೂ ಹೋಗಲ್ಲ."