ತುಕ್ಕು ಹುಡುಕಿಕೊಂಡು ಹೋದ ಬೇಸಿಗೆ

ಹೊಸ ಊರಿನಲ್ಲಿ ಪೆದ್ದಿ ಅನ್ನಿಸಿಕೊಳ್ಳಲು ಯಾವ ಪ್ರಯತ್ನವೂ ಬೇಕಾಗಿಲ್ಲ, ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಮನೆಯಿಂದ ಹೊರಟರೆ ಸಾಕು. ಉಳಿದದ್ದನ್ನು ಊರೇ ನೋಡಿಕೊಳ್ಳುತ್ತದೆ. ಮೈಸೂರಿನಿಂದ ಬಂದ ನನ್ನನ್ನು ಡೊಂಬಿವಲಿ, ಠಾಣೆ, ನವಿ ಮುಂಬೈ ಮೂರೂ ಸೇರಿ ಒಂದು ಬೇಸಿಗೆಯಿಡೀ ಚೆನ್ನಾಗಿ ನೋಡಿಕೊಂಡವು.

ನವಿ ಮುಂಬೈಯ ನೆರೂಳಿನ ಕಾಲೇಜೊಂದರಲ್ಲಿ ನನಗೆ ಬೇಸಿಗೆಯ ಪ್ರಾಜೆಕ್ಟ್ ಸಿಕ್ಕಿತ್ತು. ಅದು ಮುಗಿದ ಮೇಲೆ ಅಲ್ಲೇ ಎಂ.ಎಸ್ಸಿ. ಸೇರಬೇಕೆಂಬುದು ನನ್ನ ಆಸೆ. ಆಸೆ ಅಂದರೆ ಸಾಮಾನ್ಯ ಆಸೆಯಲ್ಲ, ಅದು ತಪ್ಪಿದರೆ ವಾರಗಟ್ಟಲೆ ಅಳುವಂಥದ್ದು. ಅಮ್ಮ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಮೊದ್ಲು ಈ ಬೇಸಿಗೆ ಕಳಿ. ಒಂದೇ ಒಂದು ಎಡವಟ್ಟಾಯ್ತು ಅಂತ ಕಿವಿಗೆ ಬಿತ್ತೋ, ಬಂದು ಕರ್ಕೊಂಡು ಹೋಗ್ತೀನಿ." ಜೊತೆಗೆ ಕನ್ನಡದವರ ಮನೆಯಲ್ಲೇ ಇರಬೇಕೆಂಬ ಷರತ್ತು ಬೇರೆ. ಹಾಗಾಗಿ ಕಾಲೇಜು ನೆರೂಳಿನಲ್ಲಿ, ವಾಸ ಡೊಂಬಿವಲಿಯಲ್ಲಿ. ಅಮ್ಮ ಮೊಬೈಲಿನ ನಕ್ಷೆಯಲ್ಲಿ ಎರಡರ ನಡುವೆ ಬೆರಳಿಟ್ಟು ನೋಡಿ, "ಇಲ್ಲೇ ಪಕ್ಕದಲ್ಲಿದೆಯಲ್ಲೇ" ಎಂದಿದ್ದಳು.

ಎಲ್ಲಿ ಇಳೀತೀರಿ?

ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋಗಬೇಕು. ಎರಡನೆಯ ಗಾಡಿ ಠಾಣೆಯಿಂದಲೇ ಹೊರಡುವುದರಿಂದ ಸ್ವಲ್ಪ ಮೊಣಕೈ ಆಡಿಸಿದರೆ ಸೀಟು ಸಿಗುತ್ತದೆ. ಕೂತ ಮೊದಲ ದಿನವೇ ಎದುರು ನಿಂತಿದ್ದ ಹೆಂಗಸೊಬ್ಬರು ನನ್ನ ಭುಜ ತಟ್ಟಿ, ಎಲ್ಲಿ ಇಳಿಯುತ್ತೀ ಎಂದು ಹಿಂದಿಯಲ್ಲಿ ಕೇಳಿದರು. ಗುರುತಿಲ್ಲದ ಊರಿನಲ್ಲಿ ಎಂಥ ಅಕ್ಕರೆ! ನೆರೂಳು ಎಂದೆ. ಅಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲವೆಂದು ಕಾಲೇಜು, ಪ್ರಾಜೆಕ್ಟು, ಮೈಸೂರು, ಅಮ್ಮನ ಮಂಡಿನೋವು ಎಲ್ಲವನ್ನೂ ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಮರುದಿನ ಇನ್ನೊಬ್ಬರು ಅದನ್ನೇ ಕೇಳಿದರು, ಅದರ ಮರುದಿನ ಮತ್ತೊಬ್ಬರು.

"ಇಲ್ಲಿನವರು ದೇವರಂಥ ಜನ ಕಣಮ್ಮ, ದಿನಾ ಯಾರಾದ್ರೂ ವಿಚಾರಿಸ್ಕೋತಾರೆ" ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮನಿಗೂ ಕಣ್ಣು ತುಂಬಿ ಬಂತು.

ಪ್ರಾಜೆಕ್ಟಿನ ಕೆಲಸಕ್ಕಾಗಿ ನೆರೂಳು ದಾಟಿ ಮುಂದೆ ಕಳಂಬೋಲಿಗೆ ಹೋಗಬೇಕಾದ ದಿನ ಬಂತು. ಎಂದಿನಂತೆ ಒಬ್ಬರು ಎಲ್ಲಿ ಇಳಿಯುತ್ತೀ ಎಂದರು, ನಾನು ಅಭ್ಯಾಸಬಲದಿಂದ ನೆರೂಳು ಎಂದೆ. ನೆರೂಳು ಬಂತು. ನಾನು ಏಳಲಿಲ್ಲ. ಆಕೆಯ ಮುಖ ಕೆಂಪಾಯಿತು. ಆಕೆಯ ಹಿಂದೆ ನಿಂತಿದ್ದವರ ಮುಖವೂ ಕೆಂಪಾಯಿತು, ಏಕೆಂದರೆ ಆಕೆ ಕೂತಮೇಲೆ ಆ ಸೀಟು ಯಾರಿಗೆ ಎಂಬುದೂ ಆಗಲೇ ತೀರ್ಮಾನವಾಗಿತ್ತು. ಆ ಪ್ರಶ್ನೆ ನನ್ನ ಯೋಗಕ್ಷೇಮದ್ದಲ್ಲ, ನನ್ನ ಜಾಗದ್ದು ಎಂದು ನನಗೆ ಆಗ ತಿಳಿಯಿತು.

"ನೆರೂಳ್ ಬೋಲಾ ಥಾ ನಾ?" ಎಂದು ಆಕೆ ಗದರಿದರು. ನಾನು ಹೆದರಿ ನೆರೂಳಿನಲ್ಲೇ ಇಳಿದು, ಮುಂದಿನ ಗಾಡಿ ಹಿಡಿದೆ.

ನಮ್ಮಲ್ಲಿ ತುಕ್ಕಿಲ್ಲ

ಕಡಲ ಗಾಳಿಗೆ ಕಬ್ಬಿಣ ಹೇಗೆ ತುಕ್ಕು ಹಿಡಿಯುತ್ತದೆ ಎಂಬುದು ನನ್ನ ಪ್ರಾಜೆಕ್ಟ್. ಕಳಂಬೋಲಿಯಲ್ಲಿ ಕಬ್ಬಿಣದ ಮಾರುಕಟ್ಟೆಯೇ ಇದೆ, ಒಂದು ತುಕ್ಕು ಹಿಡಿದ ತುಂಡು ಕೇಳಿ ತಾ ಎಂದು ನಮ್ಮ ಸರ್ ಕಳಿಸಿದ್ದರು. ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬಿಣ, ಕಬ್ಬಿಣದ ಮೇಲೆಲ್ಲ ಕಂದು ಬಣ್ಣ. ಇಷ್ಟು ಸುಲಭವೇ ಎಂದುಕೊಂಡು ಮೊದಲ ಅಂಗಡಿಗೆ ಹೋಗಿ, "ಸೇಠ್, ತುಕ್ಕು ಹಿಡಿದ ಕಬ್ಬಿಣ ಇದೆಯಾ?" ಎಂದು ಕೇಳಿದೆ.

ಸೇಠರು ಎದ್ದು ನಿಂತರು. "ನಮ್ಮಲ್ಲಿ ತುಕ್ಕೇ ಇಲ್ಲ!"

ಅವರ ಬೆನ್ನ ಹಿಂದೆ ಸರಳುಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಅದನ್ನು ತೋರಿಸಿದೆ. "ಅದು ಧೂಳು" ಎಂದರು. ಪಕ್ಕದಂಗಡಿಯವರು ಅದು ಮಣ್ಣು ಎಂದರು. ಅದರಾಚೆಯವರು, ನಿನ್ನನ್ನು ಯಾವ ಅಂಗಡಿಯವನು ಕಳಿಸಿದ್ದು ಹೇಳು ಎಂದು ನನ್ನನ್ನೇ ವಿಚಾರಣೆ ಮಾಡಿದರು. ವ್ಯಾಪಾರಿಯ ಹತ್ತಿರ ಹೋಗಿ ನಿನ್ನ ಸರಕಿನಲ್ಲಿ ಹಾಳಾದದ್ದು ಕೊಡು ಎಂದು ಕೇಳಬಾರದೆಂದು ಎಂ.ಎಸ್ಸಿ.ಗೆ ಸೇರುವ ಮೊದಲು ಯಾರೂ ಹೇಳಿಕೊಡುವುದಿಲ್ಲ.

ಕೊನೆಗೊಬ್ಬ ವಯಸ್ಸಾದ ಸೇಠರು ನನ್ನ ಬೆವರು ನೋಡಿ ಕರಗಿದರು. ಕೂರಿಸಿ ಮಜ್ಜಿಗೆ ಕುಡಿಸಿದರು. ಅಷ್ಟರಲ್ಲಿ ಒಳಗೆ ಯಾರೋ ಏನನ್ನೋ ಕರಕರ ಉಜ್ಜುವ ಸದ್ದು. ಒಂದು ತುಂಡು ಕಬ್ಬಿಣ ಬಂತು, ಎಣ್ಣೆ ಹಚ್ಚಿ ಫಳಫಳ ಹೊಳೆಯುವಂತೆ ಮಾಡಿದ್ದರು. "ಕಾಲೇಜಿಗೆ ಹೋಗೋ ಮಾಲು, ಹೊಲಸಾಗಿದ್ದದ್ದು ಕೊಡೋಕಾಗುತ್ತಾ ಮಗಳೇ?" ಎಂದರು.

ಬೇರೆ ದಾರಿಯಿಲ್ಲದೆ ಅದರ ಎಣ್ಣೆ ತೊಳೆದು, ನಮ್ಮ ಮನೆಯ ಬಾಲ್ಕನಿಯಲ್ಲಿಟ್ಟು ದಿನಾ ಉಪ್ಪುನೀರು ಚಿಮುಕಿಸಿದೆ. ಮನೆಯ ಒಡತಿ ಉಡುಪಿ ಕಡೆಯವರು, ಅವರನ್ನು ಅಕ್ಕ ಎನ್ನುತ್ತಿದ್ದೆ. ತುಕ್ಕು ಸೊಗಸಾಗಿ ಹತ್ತಿತು. ನಾಳೆ ಕಾಲೇಜಿಗೆ ಒಯ್ಯಬೇಕು ಎಂದುಕೊಂಡು ಸಂಜೆ ಬಂದು ನೋಡಿದರೆ, ಕಬ್ಬಿಣ ಮತ್ತೆ ಮಿನುಗುತ್ತಿದೆ! ಪಕ್ಕದಲ್ಲಿ ಹುಣಸೆಹಣ್ಣಿನ ಬಟ್ಟಲು.

"ಎಂತ ಮಾರಾಯ್ತಿ" ಎಂದರು ಅಕ್ಕ, "ಇಷ್ಟು ಓದಿದ್ದಿ, ಒಂದು ಕಬ್ಬಿಣ ಚಂದ ಮಾಡಿ ಇಟ್ಟುಕೊಳ್ಳಲಿಕ್ಕೆ ಬರುದಿಲ್ವಾ?"

ಅಕ್ಕನ ಹೊಗಳಿಕೆ

ಅಕ್ಕನಿಗೆ ನನ್ನ ಮೇಲೆ ಬಹಳ ಪ್ರೀತಿ. ನಾನಿಲ್ಲಿ ಉಳಿಯಬೇಕೆಂಬ ಆಸೆ ನನ್ನಷ್ಟೇ ಅವರಿಗೂ ಇತ್ತು. ಒಂದು ದಿನ ಅಮ್ಮನ ಫೋನು ನೇರವಾಗಿ ಅವರಿಗೇ ಬಂತು, ಹುಡುಗಿ ಹೇಗಿದ್ದಾಳೆ ಎಂದು. ಅಕ್ಕ ನನ್ನತ್ತ ಕಣ್ಣು ಮಿಟುಕಿಸಿ, ನೀನು ಸುಮ್ಮನಿರು ಎಂದು ಕೈಸನ್ನೆ ಮಾಡಿ ಹೊಗಳಲು ಶುರುಮಾಡಿದರು.

"ನಿಮ್ಮ ಮಗಳದ್ದು ಧೈರ್ಯ ಅಂದ್ರೆ ಧೈರ್ಯ ಮಾರಾಯ್ರೆ! ರೈಲಿನ ಬಾಗಿಲಲ್ಲೇ ನೇತಾಡಿಕೊಂಡು ಬರ್ತಾಳೆ, ಒಂದು ಚೂರು ಹೆದರಿಕೆ ಇಲ್ಲ. ಊಟ ತಿಂಡಿಯ ಹಂಗೇ ಇಲ್ಲ ಅವಳಿಗೆ. ಮೊನ್ನೆ ಕಳಂಬೋಲಿಯಲ್ಲಿ ಲಾರಿಗಳ ಮಧ್ಯೆ ಒಬ್ಬಳೇ ತಿರುಗಿ ಬಂದ್ಳು!"

ಅಕ್ಕ ಫೋನಿಟ್ಟು, "ನಿನ್ನ ಎಡ್ಮಿಶನ್ ಆಯ್ತು ಅಂತ್ಲೇ ತಿಳ್ಕೊ" ಎಂದರು. ಅಮ್ಮ ಮಾರನೆಯ ದಿನವೇ ಮೈಸೂರಿನಲ್ಲಿ ರೈಲು ಹತ್ತಿದಳು.

ಅಮ್ಮ ಬಂದಳು

ಡೊಂಬಿವಲಿಯಾಚೆಯ ಕಲ್ಯಾಣ ನಿಲ್ದಾಣದಲ್ಲಿ ಇಳಿದವಳೇ ಅಮ್ಮ ಹೇಳಿದ್ದು, "ಬಟ್ಟೆ ತುಂಬ್ಕೋ, ಗುರುವಾರಕ್ಕೆ ಇಬ್ಬರಿಗೂ ಟಿಕೆಟ್ ಮಾಡ್ಸಿದೀನಿ." ಅಳುತ್ತಾ ಗೋಗರೆದೆ. ಜಗ್ಗಲಿಲ್ಲ. ಕೊನೆಗೆ, ಒಂದು ದಿನವಾದರೂ ನನ್ನ ಜೊತೆ ಕಾಲೇಜಿಗೆ ಬಂದು ನೋಡು ಎಂದೆ. ಅದಕ್ಕೆ ಒಪ್ಪಿದಳು, ಬೈಯಲು ಇನ್ನಷ್ಟು ಸಾಮಗ್ರಿ ಸಿಗುತ್ತದೆಂದು.

ಬೆಳಗಿನ ಗಾಡಿಯಲ್ಲಿ ಅಮ್ಮ ದಾರಿಯುದ್ದಕ್ಕೂ ತುಟಿ ಬಿಗಿದುಕೊಂಡಿದ್ದಳು. ಸಂಜೆ ಠಾಣೆಯಲ್ಲಿ ಹೆಂಗಸರ ಡಬ್ಬಿ ಹತ್ತಿದಾಗ, ಆಫೀಸು ಮುಗಿಸಿ ಬರುವ ಹೆಂಗಸರ ಗುಂಪು ಎಂದಿನಂತೆ ಮಡಿಲಲ್ಲಿ ಪೇಪರು ಹಾಸಿಕೊಂಡು ರಾತ್ರಿಯ ಅಡುಗೆಗೆ ಮೆಂತ್ಯಸೊಪ್ಪು ಬಿಡಿಸುತ್ತಿತ್ತು. ಒಬ್ಬಾಕೆ ಎಲೆಯ ಜೊತೆ ದಂಟನ್ನೂ ಸೇರಿಸುತ್ತಿದ್ದಳು. ಅಮ್ಮ ನೋಡಿದಳು. ಮುಖ ತಿರುಗಿಸಿಕೊಂಡಳು. ಮತ್ತೆ ನೋಡಿದಳು. ತಡೆಯಲಾಗಲಿಲ್ಲ.

"ಕೊಡಮ್ಮ ಇಲ್ಲಿ" ಎಂದು ಕಟ್ಟನ್ನೇ ಕಿತ್ತುಕೊಂಡಳು.

ಆಕೆಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ಮರಾಠಿ ಬರುವುದಿಲ್ಲ. ಆದರೂ ಗುಂಪಿನವರೆಲ್ಲ ಒತ್ತಿಕೊಂಡು ಅಮ್ಮನಿಗೆ ಜಾಗ ಮಾಡಿದರು. ಡೊಂಬಿವಲಿ ಬಂತು. "ಅಮ್ಮ, ಇಳೀಬೇಕು!" ಎಂದೆ. "ಇರೇ, ಈ ಕಟ್ಟು ಮುಗೀಲಿ" ಎಂದಳು. ಕಟ್ಟು ಮುಗಿದಾಗ ನಾವು ಕಲ್ಯಾಣದಲ್ಲಿದ್ದೆವು.

ಮರುದಿನ ಕಾಲೇಜಿಗೆ ನಾನು ಕರೆಯುವ ಮೊದಲೇ ಅಮ್ಮ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲೊಂದು ಡಬ್ಬಿ ಕೋಡುಬಳೆ, ಅಕ್ಕನ ಅಡುಗೆಮನೆಯಲ್ಲಿ ಕರಿದದ್ದು. ಸಂಜೆಯ ಗಾಡಿಯಲ್ಲಿ ಅದು ಒಂದು ನಿಲ್ದಾಣ ದಾಟುವಷ್ಟರಲ್ಲಿ ಖಾಲಿಯಾಯಿತು. ಆ ಗುಂಪಿನಲ್ಲಿ ಒಬ್ಬ ಬಸುರಿ ಹುಡುಗಿಯಿದ್ದಳು. ಶುಕ್ರವಾರ ಅವಳಿಗೆ ಗಾಡಿಯಲ್ಲೇ ಸೀಮಂತವೆಂದು ನಿಶ್ಚಯವಾಗಿತ್ತು, ಹಸಿರು ಬಳೆ, ಹೂವು, ಆರತಿ ಎಲ್ಲ. ಹಿರಿಯ ಮುತ್ತೈದೆಯಾಗಿ ನೀವೇ ಮೊದಲ ಆರತಿ ಎತ್ತಬೇಕು ಎಂದು ಅವರು ನನ್ನ ಹರಕು ಹಿಂದಿಯ ಮೂಲಕ ಅಮ್ಮನನ್ನು ಕೇಳಿದರು. ಗುರುವಾರದ ಟಿಕೆಟ್ ನೆನಪಿಸಲು ನಾನು ಬಾಯಿ ತೆರೆಯಲೇ ಇಲ್ಲ.

ರಾತ್ರಿ ಊಟವಾದ ಮೇಲೆ ಅಮ್ಮ ಅಪ್ಪನಿಗೆ ಫೋನು ಮಾಡಿದಳು. "ನೋಡಿ, ಟಿಕೆಟ್ ಎರಡೂ ಕ್ಯಾನ್ಸಲ್ ಮಾಡ್ಸಿಬಿಡಿ. ಇವಳು ಇಲ್ಲೇ ಸೇರ್ಕೊಳ್ಳಲಿ, ಹೂಂ ಅಂದ್ಬಿಟ್ಟಿದೀನಿ. ಒಳ್ಳೇ ಜನ. ನಾನಾ? ಶುಕ್ರವಾರ ಸೀಮಂತ ಇದೆ. ಆಮೇಲೆ ಆ ಹುಡುಗಿಗೆ ಬಾಣಂತಿ ಲೇಹ್ಯ ಮಾಡೋದು ಹೇಳ್ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ."

ನಾನು ಖುಷಿಗೆ ಅಕ್ಕನನ್ನು ತಬ್ಬಿಕೊಂಡುಬಿಟ್ಟೆ. ಫೋನಿನ ಸ್ಪೀಕರಿನಲ್ಲಿ ಅಪ್ಪ ಮೆಲ್ಲಗೆ ಕೇಳಿದರು:

"ಮಗಳನ್ನ ಕರ್ಕೊಂಡು ಬಾ ಅಂತ ನಿನ್ನ ಕಳಿಸ್ದೆ. ಈಗ ನಿನ್ನ ಕರ್ಕೊಂಡು ಬರೋಕೆ ನಾನು ಬರ್ತೀನಿ, ಅದಕ್ಕೇನಂತೆ. ಆದ್ರೆ ನನ್ನ ವಾಪಸ್ ಕರ್ಕೊಂಡು ಬರೋಕೆ ಮನೇಲಿ ಯಾರಿದಾರೆ?"